ಎ.ಸಿ.ಗೊಂದು ನಾಬ್ ಇರಲಿ

ಹಲವು ಹೊಸ ಕಾರುಗಳಲ್ಲಿ ಎ.ಸಿ., ಫ್ಯಾನು, ಹಾಡು ಎಲ್ಲವೂ ಒಂದೇ ಟಚ್‌ಸ್ಕ್ರೀನ್ ಒಳಗೆ ಸೇರಿಕೊಂಡಿವೆ. ನೋಡೋಕೆ ಚೆಂದ, ಓಡಿಸುವಾಗ ಅಪಾಯ. ಹಳೆಯ ಗುಂಡು ನಾಬ್ ಆದರೆ ಕಣ್ಣು ರಸ್ತೆ ಮೇಲಿದ್ದರೂ ಬೆರಳಿಗೆ ಸಿಗುತ್ತಿತ್ತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡೇ ಸೆಕೆಂಡು ಸ್ಕ್ರೀನ್ ನೋಡಿದರೂ ಕಾರು 33 ಮೀಟರ್ ಮುಂದೆ ಹೋಗಿರುತ್ತದೆ.

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಗಾಜಿನ ಒಳಮೈಗೆ ಮಬ್ಬು ಕವಿಯುತ್ತದಲ್ಲ, ಆಗ ಮೆನು ಹುಡುಕುತ್ತಾ ಕೂರೋಕಾಗುತ್ತಾ? ಎ.ಸಿ. ಹಾಕಬೇಕು, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಬೇಕು, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಮಾಡಬೇಕು. ಇದೆಲ್ಲ ತಿರುವು ಬರುವುದರೊಳಗೆ ಮುಗಿಯಬೇಕು.

ಕಾರು ಕೊಳ್ಳುವವರಲ್ಲಿ ಒಂದು ಮಾತು: ಟೆಸ್ಟ್ ಡ್ರೈವ್‌ಗೆ ಮುಂಚೆ, ನಿಂತ ಕಾರಿನಲ್ಲೇ ಕೂತು, ಎದುರಿಗೆ ನೋಡುತ್ತಲೇ ಫ್ಯಾನ್ ಜೋರು ಮಾಡಿ, ಹಾಡಿನ ಸದ್ದು ತಗ್ಗಿಸಿ. ಆಗದಿದ್ದರೆ ಬೇರೆ ಕಾರು ನೋಡಿ.