ರೂಪವೊಂದೇ, ಗುಣ ಬೇರೆ

ವಿದ್ಯಾರ್ಥಿವೇತನದ ಹಣವನ್ನು ಕೂಡಿಟ್ಟು ಗಣಕಯಂತ್ರವನ್ನು ಜೋಡಿಸಹೊರಟ ಬಡ ತರುಣನೊಬ್ಬನು ಅಗ್ಗದ ಮದರ್‌ಬೋರ್ಡಿನ ಮುಂದೆ ಕೈಕಟ್ಟಿ ಕುಳಿತನು. 24 ಪಿನ್ನಿನ ಮುಖ್ಯ ಪ್ಲಗ್ಗು ನಿರಾಯಾಸವಾಗಿ ಕೂಡಿತ್ತು. ತೊಡಕು ಬಂದದ್ದು ಪ್ರೊಸೆಸರಿಗೆ 12 ವೋಲ್ಟು ಒದಗಿಸುವ ಸಾಕೆಟ್ಟಿನಲ್ಲಿ. ಬೋರ್ಡಿನಲ್ಲಿದ್ದುದು 4 ಪಿನ್ನು. ಪವರ್ ಸಪ್ಲೈಯ ಪ್ಲಗ್ಗಿನಲ್ಲಿ 8! ಕೊಂಡದ್ದು ವ್ಯರ್ಥವಾಯಿತೆಂದೇ ಆತ ಬಗೆದನು. ಆದರೆ ಆ ಪ್ಲಗ್ಗು, ಸಂಧಿ ಬಿಡಿಸಿದ ಪದದಂತೆ, ನಾಲ್ಕು ನಾಲ್ಕಾಗಿ ಬೇರ್ಪಡುವಂಥದು. ಹೊಂದುವ ಅರ್ಧವನ್ನು ಕೂಡಿಸಿದರೆ ಸಾಕು.

ನಿಜವಾದ ಅಪಾಯವಿದ್ದುದು ಪಕ್ಕದಲ್ಲೇ ತೂಗುತ್ತಿದ್ದ ಗ್ರಾಫಿಕ್ಸ್ ಕಾರ್ಡಿನ ಪ್ಲಗ್ಗಿನಲ್ಲಿ. ಅದಕ್ಕೂ ಪಿನ್ನು 8. ನೋಟಕ್ಕೆ ಅವಳಿಯೇ ಸರಿ. ಆದರೆ ಅದು 6 ಮತ್ತು 2 ಆಗಿ ಒಡೆಯುತ್ತದೆ. ಅದರಲ್ಲಿ 12 ವೋಲ್ಟಿನ ತಂತಿಗಳೂ ಗ್ರೌಂಡಿನ ತಂತಿಗಳೂ ಸ್ಥಾನಪಲ್ಲಟಗೊಂಡಿರುತ್ತವೆ. ಬಲವಂತವಾಗಿ ತುರುಕಿದ್ದರೆ ಬೋರ್ಡು ಸುಟ್ಟುಹೋಗುವ ಸಂಭವವಿತ್ತು. ತರುಣನು ಸಿಪಿಯು ಎಂದು ಅಚ್ಚಾಗಿದ್ದ ಪ್ಲಗ್ಗನ್ನೇ ಹುಡುಕಿ, ಬಿಡಿಸಿ, ಒತ್ತಿದನು. ಕ್ಲಿಪ್ಪು ಟಕ್ಕೆಂದಿತು, ಸ್ವಿಚ್ಚು ಒತ್ತಿದೊಡನೆ ಫ್ಯಾನು ತಿರುಗಿತು.