12 ಎಲ್ಲಿ ಹೋಯ್ತು?

ಪ್ರಾಜೆಕ್ಟ್ ಮೇಲೆ ಮೂರು ತಿಂಗಳು ಟೆನ್ನೆಸ್ಸಿಯ ನ್ಯಾಶ್‌ವಿಲ್‌ನಲ್ಲಿದ್ದೆ. ಅಲ್ಲಿನ ಸಹೋದ್ಯೋಗಿಯೊಬ್ಬ ಊಟಕ್ಕೆ ಕೂತರೆ ಫುಟ್‌ಬಾಲ್ ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ. ನಮ್ಮ ಫುಟ್‌ಬಾಲ್ ಅಲ್ಲ, ಅವರದ್ದು. ಕಾಲಿಗಿಂತ ಹೆಗಲಿಗೇ ಜಾಸ್ತಿ ಕೆಲಸ. ನನಗೆ ತಲೆಬುಡ ಅರ್ಥ ಆಗ್ತಿರಲಿಲ್ಲ. ಆದರೆ ಅವನು ಹೇಳಿದ ಒಂದು ಕತೆ ಮಾತ್ರ ಮನಸ್ಸಲ್ಲಿ ಕೂತುಬಿಡ್ತು.

ಅದು 1899. ಅದೇ ಟೆನ್ನೆಸ್ಸಿಯ ಬೆಟ್ಟದ ಮೇಲಿನ ಸೆವಾನಿ ಅನ್ನೋ ಪುಟ್ಟ ಕಾಲೇಜು. ಆಗಿನ ಆಟ ಹೆಚ್ಚುಕಮ್ಮಿ ನಮ್ಮೂರ ಕಬಡ್ಡಿಯ ಹಾಗೆ: ಚೆಂಡು ಹಿಡಿದು ನುಗ್ಗು, ನುಗ್ಗಿದವನನ್ನು ಕೆಡವು. ಚೆಂಡನ್ನು ಮುಂದಕ್ಕೆ ಎಸೆಯಲು ಒಪ್ಪಿಗೆ ಸಿಕ್ಕಿದ್ದೇ 1906ರಲ್ಲಿ. ಟಚ್‌ಡೌನ್‌ಗೆ ಆರಲ್ಲ, ಐದೇ ಅಂಕ.

ತಂಡದ ಮ್ಯಾನೇಜರ್ ಲ್ಯೂಕ್ ಲೀ ಎಂಬ ವಿದ್ಯಾರ್ಥಿ ಒಂದು ಹುಚ್ಚು ಟೈಮ್‌ಟೇಬಲ್ ಹಾಕಿದ. ನವೆಂಬರ್ 9ಕ್ಕೆ ಆಸ್ಟಿನ್‌ನಲ್ಲಿ ಟೆಕ್ಸಸ್ ಮೇಲೆ 12–0. 10ಕ್ಕೆ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಮೇಲೆ 10–0. 11ಕ್ಕೆ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ಮೇಲೆ 23–0. 13ಕ್ಕೆ ಬ್ಯಾಟನ್ ರೂಜ್‌ನಲ್ಲಿ ಎಲ್‌ಎಸ್‌ಯು ಮೇಲೆ 34–0. 14ಕ್ಕೆ ಮೆಂಫಿಸ್‌ನಲ್ಲಿ ಮಿಸಿಸಿಪಿ ಮೇಲೆ 12–0. ಆರು ದಿನ, ಐದು ಗೆಲುವು, ಎದುರಾಳಿಗೆ ಒಂದೂ ಅಂಕವಿಲ್ಲ. ರೈಲಲ್ಲಿ ನಿದ್ದೆ, ಇಳಿದು ಆಟ, ಮತ್ತೆ ರೈಲು. ಒಟ್ಟು ಸುಮಾರು 2,500 ಮೈಲಿ. ಆ ಸೀಸನ್‌ನಲ್ಲಿ 12ಕ್ಕೆ 12 ಗೆದ್ದರು. ಹೊಡೆದದ್ದು 322 ಅಂಕ, ಬಿಟ್ಟುಕೊಟ್ಟದ್ದು ಬರೀ 10. ಆ ಹತ್ತೂ ಆಬರ್ನ್ ತಂಡದ್ದು; ಆ ಪಂದ್ಯ 11–10ರಲ್ಲಿ ಹೇಗೋ ಉಳೀತು.

ಬೆಂಗಳೂರಿಗೆ ವಾಪಸ್ ಬಂದು ಟೀಮ್ ಲೀಡ್ ಆದೆ. ಹೋದ ವರ್ಷ ಒಂದೇ ವಾರದಲ್ಲಿ ಐದು ರಿಲೀಸ್ ಮಾಡ್ತೀವಿ ಅಂತ ಒಪ್ಪಿಕೊಂಡೆ. ಕ್ಲೈಂಟ್ ಕೇಳಿದ್ದು ಮೂರು. ಐದು ಅಂದವನು ನಾನೇ. ಶನಿವಾರ ರಾತ್ರಿ ಹನ್ನೊಂದಾದರೂ ಮೂರೇ ಮುಗಿದಿತ್ತು. ಹುಡುಗರ ಮುಖ ಬಾಡಿಹೋಗಿತ್ತು. ಎದ್ದು ನಿಂತು ಸೆವಾನಿ ಕತೆಯನ್ನು ತಾರೀಖಿನ ಸಮೇತ ಹೇಳಿದೆ.

"ಆರು ದಿನಕ್ಕೆ ಐದು ಕಣ್ರಪ್ಪಾ! ನಾಳೆ ಒಂದಿನ ಬನ್ನಿ, ಮುಗಿಸಿಬಿಡೋಣ."

ಹೊಸದಾಗಿ ಸೇರಿದ್ದ ಹುಡುಗಿ, ಯಾವತ್ತೂ ಬಾಯಿ ಬಿಡದವಳು, ಫೋನ್ ನೋಡ್ತಾ ಕೇಳಿದಳು: "ಸರ್, 9, 10, 11, 13, 14 ಅಂದ್ರಿ. 12 ಎಲ್ಲಿ ಹೋಯ್ತು?"

ನಾನು ಯೋಚನೆಯೇ ಮಾಡಿರಲಿಲ್ಲ.

"1899ರ ಕ್ಯಾಲೆಂಡರ್ ನೋಡ್ದೆ ಸರ್. ಅವತ್ತು ಭಾನುವಾರ."

ಯಾರೂ ನಗಲಿಲ್ಲ. ನನಗೆ ಅಪ್ಪ ನೆನಪಾದ. ಬಿತ್ತನೆಯ ಹದ ತಪ್ಪಿಹೋಗ್ತಿದ್ರೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡ್ತಿರಲಿಲ್ಲ. ಅದು ಬಸವಣ್ಣನ ದಿನ. "ಬಾಯಿಲ್ಲದ ಜೀವ ಕಣ್ಲಾ. ಸಾಕು ಅಂತ ಅದು ಅನ್ನಾಕಿಲ್ಲ, ನಾವೇ ಅನ್ಬೇಕು" ಅನ್ನೋನು. ಆ ಎತ್ತು ದುಡಿದ ದುಡ್ಡಲ್ಲೇ ನಾನು ಬಿಇ ಓದಿದ್ದು.

ಎಲ್ಲರನ್ನೂ ಮನೆಗೆ ಕಳಿಸಿದೆ. ಉಳಿದೆರಡು ರಿಲೀಸ್ ಬುಧವಾರದ ಹೊತ್ತಿಗೆ ಹೋದವು. ಬೈಗುಳ ಬಂತು, ತಿಂದೆ. ಐದು ಅಂದಿದ್ದವನು ನಾನೇ ತಾನೇ.