ಸುರಂಗದಾಚೆಯ ಮಳೆಗಾಲ

ಟೋಕಿಯೋದಲ್ಲಿ ಬಿಸಿಲಿತ್ತು. ಫೆಬ್ರುವರಿಯ ಆ ಶನಿವಾರ ಬೆಳಿಗ್ಗೆ ಜೋಎತ್ಸು ಶಿಂಕಾನ್‌ಸೆನ್ ಹತ್ತಿದಾಗ ಆಕಾಶವನ್ನು ಯಾರೋ ಉಜ್ಜಿ ತೊಳೆದಿಟ್ಟಂತಿತ್ತು. ಒಂದು ಗಂಟೆಯ ಮೇಲೆ ರೈಲು 22 ಕಿಲೋಮೀಟರ್ ಉದ್ದದ ದೈಶಿಮಿಜು ಸುರಂಗ ಹೊಕ್ಕಿತು. ಹೊರಬಿದ್ದಾಗ ಬಿಸಿಲೂ ಇಲ್ಲ, ಆಕಾಶವೂ ಇಲ್ಲ. ಮನೆ, ಮರ, ಕಂಬ ಎಲ್ಲ ಬಿಳಿ. ಇಳಿದ ನಿಲ್ದಾಣ ಎಚಿಗೊ-ಯುಜಾವಾ. ಕವಾಬಾತಾ ಅವರ 'ಹಿಮದ ನಾಡು' ಕಾದಂಬರಿ ನಡೆಯುವುದು ಇಲ್ಲೇ. ಅವರ ಕಾಲದ ರೈಲು ಬರುತ್ತಿದ್ದದ್ದು 1931ರಲ್ಲಿ ತೆರೆದ ಹಳೆಯ ಸುರಂಗದಿಂದ.

ನಾನು ಹೊಸನಗರ ತಾಲ್ಲೂಕಿನವಳು. ಮಳೆಯ ಹಳೆಯ ದಾಖಲೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಆರು ತಿಂಗಳ ಮಟ್ಟಿಗೆ ಟೋಕಿಯೋಕ್ಕೆ ಬಂದಿದ್ದೆ. ಸುರಂಗದ ಈ ಆಟ ನನಗೆ ಹೊಸದೇನಲ್ಲ. ಸೈಬೀರಿಯಾದ ಒಣ ಚಳಿಗಾಳಿ ಜಪಾನ್ ಸಮುದ್ರ ದಾಟುವಾಗ ತೇವ ಹೀರಿಕೊಂಡು ಬರುತ್ತದೆ. ಬೆಟ್ಟಕ್ಕೆ ಬಡಿದು ಮೇಲೇರಿ, ಹೊತ್ತದ್ದನ್ನೆಲ್ಲ ಈ ಮಗ್ಗುಲಲ್ಲೇ ಸುರಿಯುತ್ತದೆ. ಆಚೆಯ ಟೋಕಿಯೋಕ್ಕೆ ಉಳಿಯುವುದು ಒಣಗಾಳಿ ಮತ್ತು ಬಿಸಿಲು. ನಮ್ಮಲ್ಲಿ ಅರಬ್ಬಿ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮಾಡುವುದೂ ಇದನ್ನೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಹುಲಿಕಲ್ಲು, ಮಾಸ್ತಿಕಟ್ಟೆ ಕಡೆಯವರು ಶಿವಮೊಗ್ಗಕ್ಕೆ ಕೊಡೆ ಹಿಡಿದು ಹೋಗಿ ನಗೆಪಾಟಲಾಗುವುದು ಜುಲೈನಲ್ಲಿ ದಿನಾ ಕಾಣುವ ನೋಟ.

ಊರಿನ ರಸ್ತೆಗಳ ನಡುವೆ ಸಣ್ಣ ತೂತುಗಳಿಂದ ನೀರು ಚಿಮ್ಮುತ್ತಿತ್ತು. ಅಂತರ್ಜಲ ಹಿಮಕ್ಕಿಂತ ಬೆಚ್ಚಗಿರುವುದರಿಂದ ಅದನ್ನೇ ಚಿಮುಕಿಸಿ ಹಿಮ ಕರಗಿಸುತ್ತಾರೆ. ನೀರಿನ ಕಬ್ಬಿಣಾಂಶದಿಂದ ರಸ್ತೆಯೆಲ್ಲ ಕೆಂಪಗೆ ತುಕ್ಕು ಹಿಡಿದಂತಿದೆ. ಕೆಂಪು ನೆಲ, ಹರಿಯುವ ನೀರು. ಒಂದು ಕ್ಷಣ ನಮ್ಮ ಮನೆಯ ದಣಪೆಯ ಮುಂದೆ ನಿಂತ ಹಾಗಾಯಿತು.

ಹಿಂದಿನ ರಾತ್ರಿಯ ಮಾತು ತಲೆಯಲ್ಲಿ ಕೂತಿದ್ದರಿಂದಲೂ ಇರಬಹುದು. ಅಪ್ಪಯ್ಯ ಫೋನ್ ಮಾಡಿದ್ದರು. "ತೋಟ ಕೇಳ್ಕಂಡು ಬೆಂಗಳೂರಿನವರು ಬಂದಿದ್ರು. ಹೋಂಸ್ಟೇ ಮಾಡ್ತಾರಂತೆ, ಮಳೆ ನೋಡಕ್ಕೆ ಬರೋರಿಗೆ." ಎಲೆಚುಕ್ಕಿ ರೋಗ ಹೊಕ್ಕು ಅಡಿಕೆ ಸೋಗೆಯೆಲ್ಲ ಸುಟ್ಟಂತಾಗಿ ಎರಡು ವರ್ಷ. ಕೊಳೆಗೆ ಔಷಧಿ ಹೊಡೆಯಲು ಜನ ಸಿಗುವುದಿಲ್ಲ. "ನೀ ಏನಂತೀಯ ಮಾರಾಯ್ತಿ?" ಎಂದರು. "ನಾಳೆ ಹೇಳ್ತೀನಿ" ಎಂದು ಫೋನ್ ಇಟ್ಟಿದ್ದೆ.

ನುನೋಬಾ ನಿಲ್ದಾಣದಿಂದ ನಡೆದೇ ಹೋಗಬಹುದಾದ ಸಣ್ಣ ಸ್ಕೀ ಇಳಿಜಾರು. ದೊಡ್ಡ ರೆಸಾರ್ಟುಗಳ ಗದ್ದಲವಿಲ್ಲ. ಮಕ್ಕಳು, ಅವರ ಹಿಂದೆ ಓಡುವ ತಂದೆತಾಯಿ. ಹತ್ತಿರದ ಅಂಗಡಿಯ ಅಜ್ಜಿಯೊಬ್ಬರು ನನ್ನ ಕಾಲನ್ನು ಬಗ್ಗಿ ನೋಡಿ ಬೂಟು ತಂದರು, ಕೂರಿಸಿ ಬಕಲ್ ಹಾಕಿದರು. ಮುಂದಿನ ಎರಡು ಗಂಟೆ ನಾನು ಮಾಡಿದ್ದು ಬೀಳುವುದು ಮತ್ತು ಏಳುವುದು. ಐದು ವರ್ಷದ ಪೋರಿಯೊಬ್ಬಳು ನನ್ನನ್ನು ಬಳಸಿಕೊಂಡು ಸರ್ರನೆ ಜಾರಿ ಹೋದಳು. ಪಾಚಿಗಟ್ಟಿದ ಅಂಗಳದಲ್ಲಿ ಬೀಳದೆ ನಡೆಯಲು ಕಲಿತವಳು ನಾನು. ಇಲ್ಲಿ ಬೇಕಾದದ್ದು ಅದರ ಉಲ್ಟಾ ವಿದ್ಯೆ: ಜಾರಲು ಒಪ್ಪಿಕೊಳ್ಳಬೇಕು.

ಹಾಗಿದ್ದರೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಹಿಮದಲ್ಲಿ ಅಂಗಾತ ಮಲಗಿ ನಕ್ಕೆ. ಫೋಟೋ ತೆಗೆದೆ. ಕೊಡಚಾದ್ರಿಗೆ ಜೀಪಿನಲ್ಲಿ ಹೋಗಿ ಮಂಜಿನಲ್ಲಿ ಕೂಗಾಡುವವರನ್ನು ಕಂಡರೆ ನನಗೆ ಸದಾ ಸಿಟ್ಟು. ಇಲ್ಲಿ ಆ ಜೀಪಿನವಳು ನಾನೇ.

ಬೂಟು ಹಿಂತಿರುಗಿಸುವಾಗ ಅಜ್ಜಿ ಚಹಾ ಕೊಟ್ಟರು. ಫೋನಿನ ಅನುವಾದದಲ್ಲಿ ಮಾತು. ನಮ್ಮೂರಿನ ಮಳೆಯ ವಿಡಿಯೋ ತೋರಿಸಿದೆ. ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಇದನ್ನು ಎತ್ತಿ ಹಾಕುವುದಾದರೂ ಬೇಡವಲ್ಲ" ಎಂದರು. ಎದುರು ಮನೆಯ ಮಾಡಿನ ಮೇಲೆ ಮುದುಕರೊಬ್ಬರು ಸೊಂಟಕ್ಕೆ ಹಗ್ಗ ಬಿಗಿದು ಹಿಮ ತಳ್ಳುತ್ತಿದ್ದರು. ಈ ಕೆಲಸದಲ್ಲಿ ಬಿದ್ದು ಪ್ರತಿ ಚಳಿಗಾಲವೂ ಜನ ಸಾಯುತ್ತಾರೆ, ಹೆಚ್ಚಿನವರು ವಯಸ್ಸಾದವರೇ. ಮಕ್ಕಳು ಎಲ್ಲಿ ಎಂದು ಕೇಳಿದೆ. ಅಜ್ಜಿಯ ಮಗ ಟೋಕಿಯೋದಲ್ಲಿ. ಅವರು ನಗುತ್ತಾ ಹೇಳಿದ್ದನ್ನು ಫೋನು ಹೀಗೆ ತೋರಿಸಿತು: "ಜಾರಲು ಬರುತ್ತಾನೆ. ಎತ್ತಲು ಬರುವುದಿಲ್ಲ."

ನಾನೂ ನಕ್ಕೆ. ಚಹಾ ಗಂಟಲಲ್ಲಿ ಇಳಿಯಲಿಲ್ಲ.

ನಿಲ್ದಾಣದ ದಾರಿಯಲ್ಲಿ ಎತ್ತರದ ಅಪಾರ್ಟ್‌ಮೆಂಟುಗಳು ನಿಂತಿದ್ದವು. 1980ರ ದಶಕದ ಕೊನೆಯಲ್ಲಿ ಸ್ಕೀ ಹುಚ್ಚು ಏರಿದಾಗ ಪೇಟೆಯವರು ಕಟ್ಟಿಸಿದವು. ಹುಚ್ಚು ಇಳಿಯಿತು, ಬೆಲೆಯೂ ಇಳಿಯಿತು. ಬಹುಪಾಲು ಕಿಟಕಿಗಳಲ್ಲಿ ದೀಪವಿರಲಿಲ್ಲ. ಮಳೆ ನೋಡಲು ಬರುವವರೂ ಒಂದು ದಿನ ಬಾರದೆ ಹೋದರೆ ನಮ್ಮ ತೋಟದಲ್ಲಿ ಏನುಳಿದೀತು? ಆದರೆ ಈ ಮಾತನ್ನು ಅಪ್ಪಯ್ಯನಿಗೆ ಬುದ್ಧಿವಾದದಂತೆ ಹೇಳಲು ನನಗೇನು ಹಕ್ಕಿದೆ? ಮಳೆಯ ಅಂಕಿ ಬರೆದು ಡಾಕ್ಟರ್ ಆಗಲು ಹೊರಟವಳು ನಾನು. ಆ ಮಳೆಯಲ್ಲಿ ನೆನೆಯುತ್ತಿರುವವರು ಅವರು.

ರೈಲಿಗೆ ಕಾಯುತ್ತಾ ವಾಟ್ಸಾಪಿನಲ್ಲಿ ಬರೆದೆ: "ಮೇ ಕೊನೆಗೆ ಬರ್ತೀನಿ. ಈ ಮಳೆಗಾಲ ಪೂರ್ತಿ ಅಲ್ಲೇ ಇರ್ತೀನಿ. ಅಲ್ಲೀತನಕ ಅವರಿಗೆ ಹ್ಞೂಂ ಅನ್ಬೇಡಿ. ಉಹ್ಞೂಂನೂ ಅನ್ಬೇಡಿ."

ಉತ್ತರ ಬೇಗ ಬಂತು. "ಬಾ. ದೋಟಿ ಹಿಡಿಯಕ್ಕೆ ಬರುತ್ತಾ?"

ಬರುವುದಿಲ್ಲ ಎಂದು ಬರೆದು, ಅಳಿಸಿ, "ಕಲೀತೀನಿ" ಎಂದು ಕಳಿಸಿದೆ. ಸುರಂಗ ದಾಟಿದ ಮೇಲೆ ಮತ್ತೆ ಒಣ ಆಕಾಶ, ನಕ್ಷತ್ರಗಳು. ನನ್ನ ಕಾಲುಚೀಲ ಮಾತ್ರ ಇನ್ನೂ ಒದ್ದೆಯಾಗಿತ್ತು.